ಗುಳಿಗೆಗೆ ಮುಂಚಿನ ಪುಡಿ

2020ರ ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಸೌದಿಯಿಂದ ಮರಳಿ ಇನ್ನೂ ಎರಡು ವಾರ ತುಂಬಿರಲಿಲ್ಲ. ಹೈದರಾಬಾದಿನ ಆಸ್ಪತ್ರೆಯಿಂದ ಊರಿಗೆ ಕರೆತರುವ ದಾರಿಯಲ್ಲೇ ಪ್ರಾಣ ಹೋಗಿತ್ತು. ಎರಡು ದಿನದ ಮೇಲೆ ಬೆಂಗಳೂರಿನ ಪ್ರಯೋಗಾಲಯದ ವರದಿ ಬಂದಾಗ ಅದು ದೇಶದ ಮೊದಲ ಕೋವಿಡ್ ಸಾವು ಎಂದು ದಾಖಲಾಯಿತು. ಮುಂದಿನ ವಾರಗಳಲ್ಲಿ ಊರಿನ ಓಣಿಗಳು ಒಂದೊಂದಾಗಿ ಮುಚ್ಚಿಕೊಂಡವು, ಮೋಮಿನಪುರವೂ ಕಂಟೈನ್‌ಮೆಂಟ್ ಝೋನ್‌ಗಳ ಪಟ್ಟಿಗೆ ಸೇರಿತು.

ಅದೇ ಹೊತ್ತಿಗೆ ದೇಶದ ತುಂಬ ಔಷಧ ಅಂಗಡಿಗಳಲ್ಲಿ ಜನ ಕೇಳತೊಡಗಿದ್ದು ಹೈಡ್ರಾಕ್ಸಿಕ್ಲೋರೊಕ್ವಿನ್ ಗುಳಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದನ್ನು ಆರೋಗ್ಯ ಸಿಬ್ಬಂದಿಗೆ ಮುಂಜಾಗ್ರತೆಯಾಗಿ ಕೊಡಲು ಶಿಫಾರಸು ಮಾಡಿತ್ತು: ಮೊದಲ ದಿನ 400 ಮಿಲಿಗ್ರಾಂ ಎರಡು ಸಲ, ಆಮೇಲೆ ವಾರಕ್ಕೊಮ್ಮೆ 400 ಮಿಲಿಗ್ರಾಂ, ಏಳು ವಾರ. ಮಾರ್ಚ್ 25ಕ್ಕೆ ರಫ್ತಿಗೆ ತಡೆ ಬಿತ್ತು, 26ಕ್ಕೆ ಗುಳಿಗೆ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಮದ್ದುಗಳ ಎಚ್1 ಷೆಡ್ಯೂಲಿಗೆ ಹೋಯಿತು, ಏಪ್ರಿಲ್ 4ಕ್ಕೆ ರಫ್ತು ಪೂರ್ತಿ ನಿಂತಿತು, 7ಕ್ಕೆ ಅಮೆರಿಕದ ಅಧ್ಯಕ್ಷರ ಗದರಿಕೆಯ ಬೆನ್ನಿಗೇ ಸಡಿಲವಾಯಿತು. ಹದಿನೈದೇ ದಿನದಲ್ಲಿ ಒಂದು ಗುಳಿಗೆ ಇಷ್ಟು ಸುದ್ದಿ ಮಾಡಿದ್ದು ನಾನಂತೂ ಕಂಡಿಲ್ಲ. ಆದರೆ ಆ ಗುಳಿಗೆ ಯಾವುದರಿಂದ ಹುಟ್ಟುತ್ತದೆ ಎಂದು ಟಿವಿಯಲ್ಲಿ ಒಬ್ಬರೂ ಕೇಳಲಿಲ್ಲ.

ಹುಟ್ಟುವುದು 4,7-ಡೈಕ್ಲೋರೊಕ್ವಿನೊಲಿನ್ ಎಂಬ ಪುಡಿಯಿಂದ. ಕಾರ್ಖಾನೆಯವರ ಮಾತಿನಲ್ಲಿ ಇಂಥದ್ದಕ್ಕೆ ಇಂಟರ್ಮೀಡಿಯೆಟ್ ಎನ್ನುತ್ತಾರೆ. ಕಚ್ಚಾ ರಾಸಾಯನಿಕಕ್ಕೂ ಬಲ್ಕ್ ಡ್ರಗ್‌ಗೂ, ಅಂದರೆ ಗುಳಿಗೆಯೊಳಗಿನ ಮೂಲಮದ್ದಿಗೂ, ನಡುವೆ ನಿಲ್ಲುವ ಸರಕು. ಅದನ್ನು ರೋಗಿ ನೋಡುವುದಿಲ್ಲ, ವೈದ್ಯರು ಬರೆಯುವುದಿಲ್ಲ, ಡ್ರಮ್ಮಿನಲ್ಲಿ ಬಂದು ರಿಯಾಕ್ಟರಿನಲ್ಲಿ ಕಾಣೆಯಾಗುತ್ತದೆ. ಈ ಅಣುವಿನ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಇದರ ರಸಾಯನ ಎಂಬತ್ತು ವರ್ಷದ ಹಿಂದೆಯೇ ಖಚಿತವಾಗಿತ್ತು, ಇದರಿಂದಾದ ಮದ್ದನ್ನು ಯಾವ ಕಾಯಿಲೆಗೆ ಕೊಡಬೇಕು ಎಂಬುದು ಮಾತ್ರ ಮತ್ತೆಮತ್ತೆ ಊಹೆಯ ಮೇಲೆ ನಡೆಯಿತು. ಕಲಬುರಗಿ ಎರಡು ಸಲ ಆ ಊಹೆಯ ಗಿರಾಕಿಯಾಯಿತು.

ಮೊದಲು ಅಣು. ಒಂಬತ್ತು ಕಾರ್ಬನ್, ಐದು ಹೈಡ್ರೋಜನ್, ಎರಡು ಕ್ಲೋರಿನ್, ಒಂದು ನೈಟ್ರೋಜನ್, ಅಣುತೂಕ 198. ಬೆಂಜೀನ್ ಉಂಗುರಕ್ಕೆ ಇನ್ನೊಂದು ಉಂಗುರ ಅಂಟಿಕೊಂಡಿದೆ, ಆ ಎರಡನೆಯದರಲ್ಲಿ ಒಂದು ಕಾರ್ಬನ್ನಿನ ಜಾಗದಲ್ಲಿ ನೈಟ್ರೋಜನ್ ಕೂತಿದೆ. ಉಂಗುರದೊಳಗೆ ಕಾರ್ಬನ್ ಅಲ್ಲದ ಪರಮಾಣು ಬಂದದ್ದರಿಂದ ಇದು ಹೆಟರೊಸೈಕ್ಲಿಕ್ ಸಂಯುಕ್ತ. ನೋಡಲು ಬಿಳಿ ಅಥವಾ ತುಸು ಮಾಸಿದ ಹರಳುಪುಡಿ. 80 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಕರಗುತ್ತದೆ. ನೀರಿನಲ್ಲಿ ಬೆರೆಯುವುದಿಲ್ಲ, ಸಾವಯವ ದ್ರಾವಕಗಳಲ್ಲಿ ಸಲೀಸಾಗಿ ಕರಗುತ್ತದೆ.

ಇದರ ಬೆಲೆಯೆಲ್ಲ ಇರುವುದು ಎರಡು ಕ್ಲೋರಿನ್‌ಗಳ ಸ್ವಭಾವದ ವ್ಯತ್ಯಾಸದಲ್ಲಿ. ಉಂಗುರದ ನೈಟ್ರೋಜನ್ ಇಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆಯುತ್ತದೆ. ಆ ಎಳೆತ ಹೆಚ್ಚಾಗಿ ತಟ್ಟುವುದು 2 ಮತ್ತು 4ನೇ ಸ್ಥಾನಗಳಿಗೆ. ಹಾಗಾಗಿ 4ನೇ ಕಾರ್ಬನ್ ಮೇಲಿನ ಕ್ಲೋರಿನ್ ಸಡಿಲ. ಅಮೈನ್ ಗುಂಪಿರುವ ಯಾವುದಾದರೂ ಅಣುವನ್ನು ಜೊತೆಗಿಟ್ಟು ಕಾಯಿಸಿದರೆ ಆ ಕ್ಲೋರಿನ್ ಹೊರಬಿದ್ದು ಅಮೈನ್ ಅದರ ಜಾಗಕ್ಕೆ ಬರುತ್ತದೆ. 7ನೇ ಸ್ಥಾನದ ಕ್ಲೋರಿನ್ ಬೆಂಜೀನ್ ಬದಿಯ ಉಂಗುರದಲ್ಲಿದೆ. ನೈಟ್ರೋಜನ್ನಿನ ಎಳೆತ ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ, ಅದು ಅಲುಗಾಡುವುದಿಲ್ಲ. ಒಂದು ಬಿಟ್ಟುಕೊಡುತ್ತದೆ, ಇನ್ನೊಂದು ಉಳಿಯುತ್ತದೆ. ಉಳಿದದ್ದು ಸುಮ್ಮನೆ ಉಳಿದದ್ದಲ್ಲ. ಮಲೇರಿಯಾದ ಪರೋಪಜೀವಿ ನಮ್ಮ ಹಿಮೋಗ್ಲೋಬಿನ್ ತಿಂದು ಜೀರ್ಣಿಸಿಕೊಳ್ಳುವಾಗ ಹೀಮ್ ಎಂಬ ಕಬ್ಬಿಣವುಳ್ಳ ತುಣುಕು ಮಿಗುತ್ತದೆ. ಅದು ಪರೋಪಜೀವಿಗೇ ವಿಷ, ಅದಕ್ಕೇ ಹೀಮನ್ನು ಹರಳುಗಟ್ಟಿಸಿ ಒಂದು ಕಡೆ ಇಡುತ್ತದೆ. ಈ ಪುಡಿಯಿಂದಾಗುವ ಮಲೇರಿಯಾ ಮದ್ದು ಕ್ಲೋರೊಕ್ವಿನ್ ಆ ಹರಳುಗಟ್ಟುವಿಕೆಯನ್ನೇ ತಡೆಯುತ್ತದೆ. ಈ ತಡೆಗೆ 7ನೇ ಸ್ಥಾನದ ಕ್ಲೋರಿನ್ ಬೇಕೇಬೇಕು ಎಂಬುದನ್ನು ದಕ್ಷಿಣ ಆಫ್ರಿಕಾದ ಸಂಶೋಧಕರು ಬೇರೆಬೇರೆ ಪರಮಾಣುಗಳನ್ನು ಅಲ್ಲಿ ಕೂರಿಸಿ ನೋಡಿ ತೋರಿಸಿದ್ದಾರೆ. 4ನೇ ಸ್ಥಾನಕ್ಕೆ ಸೇರಿದ ಅಮೈನ್ ಬಾಲದ ಕೆಲಸ ಇನ್ನೊಂದು: ಪರೋಪಜೀವಿಯ ಹುಳಿಯಾದ ಆಹಾರಕೋಶದೊಳಗೆ ಮದ್ದು ನುಗ್ಗಿ, ಪ್ರೋಟಾನ್ ಹಿಡಿದು, ಹೊರಬರಲಾಗದೆ ಅಲ್ಲೇ ಒಟ್ಟಾಗುವಂತೆ ಮಾಡುವುದು.

ಈ ಉಂಗುರದ ಹಿಂದಿನ ಕಥೆ ಮಲೇರಿಯಾದ ಹಳೆಯ ಮದ್ದು ಕ್ವಿನೈನಿನದು. ಸಿಂಕೋನಾ ತೊಗಟೆಯಿಂದ ಪೆಲ್ಲೆಟಿಯರ್ ಮತ್ತು ಕವೆಂಟೂ ಅದನ್ನು ಬೇರ್ಪಡಿಸಿದ್ದು 1820ರಲ್ಲಿ. ಕ್ವಿನೊಲಿನ್ ಉಂಗುರವನ್ನು 1834ರಲ್ಲಿ ರುಂಗೆ ಕಲ್ಲಿದ್ದಲ ಡಾಂಬರಿನಲ್ಲಿ ಕಂಡ, 1842ರಲ್ಲಿ ಗೆರ್ಹಾರ್ಟ್ ಅದೇ ಉಂಗುರವನ್ನು ಕ್ವಿನೈನ್ ಒಡೆದು ಪಡೆದ. ನಮ್ಮ ನೀಲಗಿರಿಯ ನಡುವಟ್ಟಂನಲ್ಲಿ ಸರ್ಕಾರಿ ಕ್ವಿನೈನ್ ಕಾರ್ಖಾನೆಯೇ ಇತ್ತು. ಚಳಿಜ್ವರದ ಪರೋಪಜೀವಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತದೆ ಎಂದು ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ. ಆಗ ಕಲಬುರಗಿಯೂ ನಿಜಾಮರ ಅದೇ ಸೀಮೆಗೆ ಸೇರಿದ್ದ ಊರು.

4,7-ಡೈಕ್ಲೋರೊಕ್ವಿನೊಲಿನ್ ಮುಖ್ಯ ಸರಕಾದದ್ದು ಯುದ್ಧದಿಂದ. 1934ರಲ್ಲಿ ಬೇಯರ್ ಕಂಪನಿಯ ಹಾನ್ಸ್ ಆಂಡರ್ಸಾಗ್ ಈ ಉಂಗುರಕ್ಕೆ ಬಾಲ ಜೋಡಿಸಿ ರೆಸೊಕಿನ್ ಎಂಬ ಮದ್ದು ಮಾಡಿದ. ವಿಷ ಹೆಚ್ಚು ಎಂದು ಕಂಪನಿ ಅದನ್ನು ಬದಿಗಿಟ್ಟಿತು. ಅದರ ತುಸು ಬದಲಾದ ರೂಪ ಸೊಂಟೊಕಿನ್ 1943ರಲ್ಲಿ ಟ್ಯುನಿಸ್‌ನಲ್ಲಿ ಮಿತ್ರಪಡೆಗಳ ಕೈಗೆ ಸಿಕ್ಕಿತು. ಅಷ್ಟರಲ್ಲಿ ಜಾವಾದ ಸಿಂಕೋನಾ ತೋಟಗಳು ಜಪಾನಿನ ವಶವಾಗಿ ಜಗತ್ತಿನ ಕ್ವಿನೈನ್ ಹೆಚ್ಚುಕಡಿಮೆ ನಿಂತೇಹೋಗಿತ್ತು. ಅಮೆರಿಕ ಸಾವಿರಾರು ಅಣುಗಳನ್ನು ಪರೀಕ್ಷೆಗೆ ಹಚ್ಚಿ, ಕೊನೆಗೆ ಜರ್ಮನರು ಬಿಟ್ಟ ಅದೇ ರೆಸೊಕಿನ್‌ಗೆ ಮರಳಿ, ಅದಕ್ಕೆ ಕ್ಲೋರೊಕ್ವಿನ್ ಎಂದು ಹೆಸರಿಟ್ಟಿತು. ಹತ್ತು ವರ್ಷ ಅದನ್ನು ಮೂಲೆಗೆ ತಳ್ಳಿದ್ದು ವಿಷವಲ್ಲ, ಮದ್ದಿನ ಪ್ರಮಾಣದ ಬಗೆಗಿನ ತಪ್ಪು ತೀರ್ಮಾನ.

ಟನ್ನುಗಟ್ಟಲೆ ಕ್ಲೋರೊಕ್ವಿನ್ ಬೇಕೆಂದರೆ ಟನ್ನುಗಟ್ಟಲೆ ಇಂಟರ್ಮೀಡಿಯೆಟ್ ಬೇಕು. ಆ ದಾರಿಯನ್ನು ಇಲಿನಾಯ್ ವಿಶ್ವವಿದ್ಯಾಲಯದ ಪ್ರೈಸ್ ಮತ್ತು ರಾಬರ್ಟ್ಸ್ 1946ರಲ್ಲಿ ಪ್ರಕಟಿಸಿದರು. ಅಡಿಪಾಯ 1939ರ ಗೌಲ್ಡ್–ಜೇಕಬ್ಸ್ ಕ್ರಿಯೆಯದು. ಮೆಟಾ-ಕ್ಲೋರೊಅನಿಲಿನ್‌ಗೆ ಡೈಈಥೈಲ್ ಈಥಾಕ್ಸಿಮೆಥಿಲೀನ್ ಮ್ಯಾಲೊನೇಟ್ ಸೇರಿಸಿ ಬಿಸಿ ಮಾಡಿದರೆ ಒಂದು ಆಲ್ಕೊಹಾಲ್ ಅಣು ಹೊರಬಿದ್ದು ಎರಡೂ ಕೂಡಿಕೊಳ್ಳುತ್ತವೆ. ಇದನ್ನು ಡೈಫಿನೈಲ್ ಈಥರ್‌ನಂಥ ಎತ್ತರದ ಕುದಿಬಿಂದುವಿನ ದ್ರವದಲ್ಲಿ ಸುಮಾರು 250 ಡಿಗ್ರಿಗೆ ಕಾಯಿಸಿದರೆ ಉಂಗುರ ಮುಚ್ಚಿಕೊಳ್ಳುತ್ತದೆ, ಇನ್ನೊಂದು ಆಲ್ಕೊಹಾಲ್ ಹೋಗುತ್ತದೆ. ಉಳಿದ ಎಸ್ಟರನ್ನು ಕ್ಷಾರದಲ್ಲಿ ಒಡೆದು ಆಮ್ಲ ಮಾಡಿ, ಆಮ್ಲದಿಂದ ಇಂಗಾಲದ ಡೈಆಕ್ಸೈಡ್ ಹೊರಡಿಸಿದರೆ 7-ಕ್ಲೋರೊ-4-ಹೈಡ್ರಾಕ್ಸಿಕ್ವಿನೊಲಿನ್. ಕೊನೆಗೆ ಫಾಸ್ಫರಸ್ ಆಕ್ಸಿಕ್ಲೋರೈಡ್ ಹಾಕಿದರೆ 4ನೇ ಸ್ಥಾನದ ಹೈಡ್ರಾಕ್ಸಿ ಹೋಗಿ ಕ್ಲೋರಿನ್ ಬರುತ್ತದೆ. ಉಂಗುರ ಮುಚ್ಚುವಾಗ ಕ್ಲೋರಿನ್ನಿನ ಆಚೆ ಬದಿಗೂ ಮುಚ್ಚಬಹುದು, ಈಚೆ ಬದಿಗೂ ಮುಚ್ಚಬಹುದು. ಆಚೆಗೆ ಮುಚ್ಚಿದ್ದು ನಮಗೆ ಬೇಕಾದದ್ದು, ಈಚೆಗೆ ಮುಚ್ಚಿದ್ದು ಬೇಡದ 4,5-ಡೈಕ್ಲೋರೊಕ್ವಿನೊಲಿನ್. ಅದನ್ನು ತೆಗೆದುಹಾಕುವುದೇ ಶುದ್ಧೀಕರಣದ ದೊಡ್ಡ ಕೆಲಸ.

ಇಲ್ಲಿ ಒಂದು ಲೆಕ್ಕ ಹಾಕಬೇಕು. ಮ್ಯಾಲೊನೇಟ್ ಅಣುವಿನಲ್ಲಿ ಹತ್ತು ಕಾರ್ಬನ್‌ಗಳಿವೆ. ಕೊನೆಯ ಉಂಗುರಕ್ಕೆ ಅದು ಕೊಡುವುದು ಮೂರು. ಮಿಕ್ಕ ಏಳರಲ್ಲಿ ಆರು ಆಲ್ಕೊಹಾಲಾಗಿ, ಒಂದು ಗಾಳಿಯಾಗಿ ಹೋಗುತ್ತದೆ. ಫಾಸ್ಫರಸ್ ಆಕ್ಸಿಕ್ಲೋರೈಡಿನ ಮೂರು ಕ್ಲೋರಿನ್‌ಗಳಲ್ಲಿ ಉಂಗುರಕ್ಕೆ ಬರುವುದು ಒಂದೇ. ಉಳಿದದ್ದು ನೀರು ತಾಗಿದರೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫಾಸ್ಫೋರಿಕ್ ಆಮ್ಲ. ಕಾಗದದ ಮೇಲೆ ಅಂದವಾಗಿ ಕಾಣುವ ಈ ದಾರಿ ಕಾರ್ಖಾನೆಯಲ್ಲಿ ಹುಳಿ, ಉಪ್ಪು, ದ್ರಾವಕಗಳ ದೊಡ್ಡ ರಾಶಿಯನ್ನು ಹಿಂದೆ ಬಿಡುತ್ತದೆ. ಅದರ ಮಾತಿಗೆ ಆಮೇಲೆ ಬರೋಣ.

ಪುಡಿ ಸಿದ್ಧವಾದ ಮೇಲೆ ಉಪಯೋಗಗಳು ಕವಲೊಡೆಯುತ್ತವೆ. ನೊವೊಲ್‌ಡಯಮೀನ್ ಎಂಬ ಬಾಲ ಜೋಡಿಸಿದರೆ ಕ್ಲೋರೊಕ್ವಿನ್. ಅದೇ ಬಾಲದ ತುದಿಗೆ ಒಂದು ಹೈಡ್ರಾಕ್ಸಿ ಗುಂಪು ಇದ್ದರೆ ಹೈಡ್ರಾಕ್ಸಿಕ್ಲೋರೊಕ್ವಿನ್. ಅಮೆರಿಕದಲ್ಲಿ 1955ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಬೆಂಜೀನ್ ಉಂಗುರವುಳ್ಳ ಇನ್ನೊಂದು ಬಾಲ ಹಾಕಿದರೆ ಅಮೊಡಿಯಾಕ್ವಿನ್. ಎರಡು ಕ್ವಿನೊಲಿನ್ ಉಂಗುರಗಳನ್ನು ಪೈಪರಜೀನ್ ಕೊಂಡಿಗಳಿಂದ ಕಟ್ಟಿದರೆ ಪೈಪರಾಕ್ವಿನ್. ಇಂದು ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಸಂಯೋಜನೆಗಳಲ್ಲಿ ಕೊಡುವ ಜೊತೆಮದ್ದುಗಳಲ್ಲಿ ಕೊನೆಯ ಈ ಎರಡೂ ಇವೆ. ಅಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್‌ನಲ್ಲೂ 7-ಕ್ಲೋರೊಕ್ವಿನೊಲಿನ್ ಉಂಗುರವಿದೆ, ಅದೂ ಮೆಟಾ-ಕ್ಲೋರೊಅನಿಲಿನ್‌ನಿಂದಲೇ ಹೊರಡುತ್ತದೆ, ಆದರೆ ಬೇರೆ ದಾರಿ ಹಿಡಿದು.

ಎಲ್ಲಕ್ಕಿಂತ ಕುತೂಹಲದ ಕವಲು ಕಸದಿಂದ ಹುಟ್ಟಿತು. ಸ್ಟರ್ಲಿಂಗ್ ಕಂಪನಿಯ ಜಾರ್ಜ್ ಲೆಶರ್ ಕ್ಲೋರೊಕ್ವಿನ್ ತಯಾರಿಕೆಯ ಉಳಿಕೆಯಲ್ಲಿ ಒಂದು ಉಪಉತ್ಪನ್ನವನ್ನು ಗಮನಿಸಿ ಅದು ಬ್ಯಾಕ್ಟೀರಿಯಾವನ್ನು ತಡೆಯುತ್ತದೆ ಎಂದು ಕಂಡ. ಅದನ್ನು ತಿದ್ದಿ 1962ರಲ್ಲಿ ನ್ಯಾಲಿಡಿಕ್ಸಿಕ್ ಆಮ್ಲ ಬಂತು. ಅದರ ಸಂತತಿಯೇ ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್. ಇವತ್ತು ಮೂತ್ರದ ಉರಿಗೂ ಭೇದಿಗೂ ಅಂಗಡಿಯವನೇ ಕೊಟ್ಟುಬಿಡುವ ಸಿಪ್ರೊ ಗುಳಿಗೆಯ ವಂಶವೃಕ್ಷ ಮಲೇರಿಯಾ ಮದ್ದಿನ ತಪ್ಪಲೆಯ ತಳಕ್ಕೆ ಹೋಗಿ ಮುಟ್ಟುತ್ತದೆ. ಒಂದು ಇಂಟರ್ಮೀಡಿಯೆಟ್‌ನ ಉಪಯೋಗ ಎಂದರೆ ಅದರಿಂದ ಏನು ಮಾಡಬೇಕೆಂದು ಹೊರಟಿದ್ದರೋ ಅಷ್ಟೇ ಎಂದು ಹೇಳುವವರಿಗೆ ಇದನ್ನು ತೋರಿಸಬೇಕು.

ಮಲೇರಿಯಾದಲ್ಲಿ ಕ್ಲೋರೊಕ್ವಿನ್ ಏನು ಮಾಡಿತು ಎಂಬುದು ಹೊಸದಾಗಿ ಹೇಳಬೇಕಾದದ್ದಲ್ಲ. 1953ರ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 1958ರ ನಿರ್ಮೂಲನ ಕಾರ್ಯಕ್ರಮಗಳಲ್ಲಿ ಡಿಡಿಟಿ ಗೋಡೆಗೆ, ಕ್ಲೋರೊಕ್ವಿನ್ ಹೊಟ್ಟೆಗೆ. 1950ರ ದಶಕದ ಕೊನೆಗೆ ಥಾಯ್ಲೆಂಡ್–ಕಾಂಬೋಡಿಯಾ ಗಡಿಯಲ್ಲೂ ಕೊಲಂಬಿಯಾದಲ್ಲೂ ಮಲೇರಿಯಾ ಪರೋಪಜೀವಿಯ ಫಾಲ್ಸಿಪಾರಂ ಪ್ರಭೇದ ಈ ಮದ್ದಿಗೆ ಬಗ್ಗದಾಯಿತು. ನಮ್ಮಲ್ಲಿ 1973ರಲ್ಲಿ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ ಅದು ಕಾಣಿಸಿತು. ಪರೋಪಜೀವಿ ಮಾಡಿದ್ದು ಇಷ್ಟೇ: ಆಹಾರಕೋಶದ ಗೋಡೆಯ ಒಂದು ಪ್ರೋಟೀನನ್ನು ಬದಲಿಸಿ, ಒಳಗೆ ಸೇರಿದ ಮದ್ದನ್ನು ಹೊರಗೆ ಹಾಕಲು ಕಲಿಯಿತು. 2010ರ ನೀತಿಯಿಂದ ದೇಶದಲ್ಲಿ ಫಾಲ್ಸಿಪಾರಂಗೆ ಆರ್ಟೆಮಿಸಿನಿನ್ ಸಂಯೋಜನೆ. ಇನ್ನೊಂದು ಪ್ರಭೇದವಾದ ವೈವಾಕ್ಸ್‌ಗೆ ಈಗಲೂ ಕ್ಲೋರೊಕ್ವಿನ್; ವಯಸ್ಕರಿಗೆ ಮೊದಲ ದಿನ ನಾಲ್ಕು, ಎರಡನೆಯ ದಿನ ನಾಲ್ಕು, ಮೂರನೆಯ ದಿನ ಎರಡು ಗುಳಿಗೆ, ಜೊತೆಗೆ ಹದಿನಾಲ್ಕು ದಿನ ಪ್ರೈಮಾಕ್ವಿನ್. ಕಮಲಾಪುರದಂಥ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಲೇಪನ ನೋಡಿ ಕೊಡುವ ಈ ನಾಲ್ಕು-ನಾಲ್ಕು-ಎರಡೇ ಇವತ್ತು ಈ ಅಣುವಿನ ಅತ್ಯಂತ ಗಟ್ಟಿ ಉಪಯೋಗ. ಮಲಾವಿ ದೇಶದ ಅನುಭವವನ್ನೂ ಇಲ್ಲಿ ಸೇರಿಸಬೇಕು. ಅಲ್ಲಿ 1993ರಲ್ಲಿ ಕ್ಲೋರೊಕ್ವಿನ್ ನಿಲ್ಲಿಸಿದರು. ಹದಿಮೂರು ವರ್ಷದ ಮೇಲೆ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದೇ ಮದ್ದು ನೂರಕ್ಕೆ ತೊಂಬತ್ತೊಂಬತ್ತು ಮಂದಿಯಲ್ಲಿ ಮತ್ತೆ ಕೆಲಸ ಮಾಡಿತು. ಬಳಕೆ ನಿಂತರೆ ಪ್ರತಿರೋಧಿಸುವ ತಳಿಗೆ ಅನುಕೂಲವೇನೂ ಉಳಿಯುವುದಿಲ್ಲ. ಹಳೆಯ ತಳಿ ಮರಳಿ ಬರುತ್ತದೆ.

ಇನ್ನು ಊಹೆಯ ಎರಡು ಅಧ್ಯಾಯಗಳು. 2005ರ ಕೊನೆಗೆ ಚಿಕೂನ್‌ಗುನ್ಯಾ ಹಲವು ದಶಕಗಳ ಬಳಿಕ ದೇಶಕ್ಕೆ ಮರಳಿದಾಗ ಮೊದಲು ಸಿಕ್ಕವರಲ್ಲಿ ಆಗಿನ ಗುಲಬರ್ಗಾ, ಅಂದರೆ ಕಲಬುರಗಿಯವರೂ ಇದ್ದರು. 2006ರಲ್ಲಿ ದೇಶದಲ್ಲಿ ಲೆಕ್ಕಕ್ಕೆ ಬಂದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಸುಮಾರು ಏಳೂವರೆ ಲಕ್ಷ ಕರ್ನಾಟಕದವೇ. ಜ್ವರ ಇಳಿದರೂ ಕೀಲು ಹಿಡಿದುಕೊಂಡು ತಿಂಗಳುಗಟ್ಟಲೆ ನಡೆಯಲಾರದ ಜನ. ಅವರಿಗೆ ಕ್ಲೋರೊಕ್ವಿನ್ ಬರೆಯುವ ರೂಢಿ ಎದ್ದಿತು. ತರ್ಕ ಇಲ್ಲದಿರಲಿಲ್ಲ: ಹೈಡ್ರಾಕ್ಸಿಕ್ಲೋರೊಕ್ವಿನ್ ಸಂಧಿವಾತದಲ್ಲಿ ಕೆಲಸ ಮಾಡುತ್ತದೆ, ಪ್ರಯೋಗಾಲಯದ ಕೋಶಗಳಲ್ಲಿ ವೈರಸ್ಸನ್ನೂ ತಡೆಯುತ್ತದೆ, ಇಲ್ಲೂ ಮಾಡಬಹುದಲ್ಲ? ರಿಯೂನಿಯನ್ ದ್ವೀಪದಲ್ಲಿ ಪ್ರಯೋಗ ನಡೆಸಿದಾಗ ಲಾಭ ಕಾಣಲಿಲ್ಲ, ಕ್ಲೋರೊಕ್ವಿನ್ ತೆಗೆದುಕೊಂಡವರಲ್ಲಿ ಮುಂದೆ ಕೀಲುನೋವು ಹೆಚ್ಚೇ ಉಳಿದಿತ್ತು. ಪುಣೆಯ ಸಂಶೋಧಕರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಮಾಮೂಲಿ ನೋವುಗುಳಿಗೆ ಮೆಲಾಕ್ಸಿಕ್ಯಾಮ್‌ಗಿಂತ ಕ್ಲೋರೊಕ್ವಿನ್ ಮೇಲು ಎಂದು ಕಾಣಲಿಲ್ಲ.

ಈ ಪಾಠ 2020ರಲ್ಲಿ ಹೆಚ್ಚಿನವರಿಗೆ ನೆನಪಾಗಲಿಲ್ಲ. ಮತ್ತೆ ಅದೇ ತರ್ಕ, ಅದೇ ಕೋಶಗಳ ಪ್ರಯೋಗ. ಆಫ್ರಿಕದ ಹಸಿರು ಮಂಗದ ಮೂತ್ರಪಿಂಡದಿಂದ ಬಂದ ವೀರೊ ಕೋಶಗಳಲ್ಲಿ ಮದ್ದು ವೈರಸ್ಸನ್ನು ನಿಲ್ಲಿಸಿತು. ಜುಲೈನಲ್ಲಿ ಜರ್ಮನಿಯ ತಂಡವೊಂದು ಮನುಷ್ಯರ ಶ್ವಾಸಕೋಶದ ಕೋಶಗಳಲ್ಲಿ ನೋಡಿದಾಗ ನಿಲ್ಲಿಸಲಿಲ್ಲ. ಕಾರಣ ಸರಳ: ವೀರೊ ಕೋಶಕ್ಕೆ ವೈರಸ್ ಹೋಗುವುದು ಹುಳಿಯಾದ ಚೀಲದ ಮೂಲಕ, ಆ ಹುಳಿಯನ್ನು ಕ್ಲೋರೊಕ್ವಿನ್ ತಗ್ಗಿಸುತ್ತದೆ, ಶ್ವಾಸಕೋಶದ ಕೋಶದಲ್ಲಿ ವೈರಸ್ಸಿಗೆ ಹೊರಮೈಯಲ್ಲೇ ಬಾಗಿಲು ತೆರೆದುಕೊಡುವ ಕಿಣ್ವವಿದೆ. ಇತ್ತ ಇಂಗ್ಲೆಂಡಿನ ರಿಕವರಿ ಪ್ರಯೋಗದಲ್ಲಿ ಮದ್ದು ಪಡೆದ 1,561 ಮಂದಿಯಲ್ಲಿ 28 ದಿನದೊಳಗೆ ಸತ್ತವರು ಶೇಕಡ 27. ಪಡೆಯದ 3,155 ಮಂದಿಯಲ್ಲಿ ಶೇಕಡ 25. ಮುಂಜಾಗ್ರತೆಗೂ ಅದು ಒದಗಲಿಲ್ಲ: ಸೋಂಕಿತರ ಒಡನಾಟಕ್ಕೆ ಬಂದ 821 ಮಂದಿಯ ಮೇಲಿನ ಅಮೆರಿಕದ ಪ್ರಯೋಗದಲ್ಲಿ ಎರಡು ಗುಂಪುಗಳ ನಡುವೆ ಗಣನೆಗೆ ಬರುವ ವ್ಯತ್ಯಾಸ ಸಿಗಲಿಲ್ಲ. ಅಮೆರಿಕ ತನ್ನ ತುರ್ತು ಒಪ್ಪಿಗೆಯನ್ನು ಜೂನ್ 15ಕ್ಕೆ ಹಿಂತೆಗೆದುಕೊಂಡಿತು. ನಮ್ಮ ಮಾರ್ಗಸೂಚಿಯಿಂದ ಗುಳಿಗೆ ಹೊರಬಿದ್ದದ್ದು 2021ರ ಸೆಪ್ಟೆಂಬರಿನಲ್ಲಿ. ಒಂದೇ ಸಾಕ್ಷ್ಯವನ್ನು ಓದಲು ಹದಿನೈದು ತಿಂಗಳು ಹೆಚ್ಚು ಬೇಕಾದದ್ದಕ್ಕೆ ವಿಜ್ಞಾನದ ಒಳಗಿನ ಕಾರಣ ನನಗೆ ಕಾಣುವುದಿಲ್ಲ.

ಆ ಗದ್ದಲದಲ್ಲಿ ನಿಜವಾಗಿ ಪೆಟ್ಟು ತಿಂದವರು ಲೂಪಸ್ ಮತ್ತು ಸಂಧಿವಾತದ ರೋಗಿಗಳು. ಅವರಿಗೆ ಈ ಗುಳಿಗೆ ಊಹೆಯಲ್ಲ, ದಶಕಗಳಿಂದ ಸಾಬೀತಾದ ಮದ್ದು; ನಿಲ್ಲಿಸಿದರೆ ಲೂಪಸ್ ಕೆರಳುತ್ತದೆ. 2020ರ ಮಾರ್ಚ್–ಏಪ್ರಿಲ್‌ನಲ್ಲಿ ಅಂಗಡಿ ಅಂಗಡಿ ಅಲೆದವರು ಇವರೇ, ಬಹುಪಾಲು ಹೆಂಗಸರು. ಈ ಮದ್ದು ದೇಹದಲ್ಲಿ ಉಳಿಯುವುದೂ ಬಹಳ ಕಾಲ. ಅರ್ಧದಷ್ಟು ಹೊರಹೋಗಲು ಸುಮಾರು ನಲವತ್ತು ದಿನ ಬೇಕು. ವರ್ಷಗಟ್ಟಲೆ ನುಂಗಿದರೆ ಕಣ್ಣಿನ ಅಕ್ಷಿಪಟಕ್ಕೆ ತೊಂದರೆ. ಹಾಗಾಗಿ 2016ರ ಅಮೆರಿಕದ ನೇತ್ರವೈದ್ಯರ ಮಾರ್ಗಸೂಚಿ ದಿನಕ್ಕೆ ಕಿಲೋ ತೂಕಕ್ಕೆ 5 ಮಿಲಿಗ್ರಾಂ ಮೀರಬಾರದು, ಆರಂಭದಲ್ಲೊಮ್ಮೆ ಮತ್ತು ಐದು ವರ್ಷದ ಬಳಿಕ ಪ್ರತಿವರ್ಷ ಕಣ್ಣು ತೋರಿಸಬೇಕು ಎನ್ನುತ್ತದೆ. ನಮ್ಮ ಕಡೆಯ ನಲವತ್ತೈದು ಕಿಲೋದ ಹೆಂಗಸಿಗೆ ಲೆಕ್ಕ ಹಾಕಿದರೆ 225 ಮಿಲಿಗ್ರಾಂ. ಅಂದರೆ ರೂಢಿಯಲ್ಲಿ ಬರೆಯುವ ದಿನಕ್ಕೆ ಎರಡು 200ರ ಗುಳಿಗೆ ಅವಳಿಗೆ ಜಾಸ್ತಿಯಾಯಿತು. ಚೀಟಿ ಬರೆಯುವ ಮುಂಚೆ ತೂಕದ ಯಂತ್ರದ ಮೇಲೆ ನಿಲ್ಲಿಸುವ ಅಭ್ಯಾಸ ಇನ್ನೂ ಕಡಿಮೆ.

ಸರಬರಾಜಿನ ಪ್ರಶ್ನೆಗೆ ಬಂದರೆ ಪುಡಿ ಮತ್ತೆ ಮುಂದೆ ಬರುತ್ತದೆ. 2020ರಲ್ಲಿ ಔಷಧ ಉದ್ಯಮದ ಸಂಘದವರು ಹೇಳಿದ ಅಂಕಿ ಹೀಗಿತ್ತು: ಜಗತ್ತಿನ ಹೈಡ್ರಾಕ್ಸಿಕ್ಲೋರೊಕ್ವಿನ್‌ನ ನೂರಕ್ಕೆ ಎಪ್ಪತ್ತು ಭಾಗ ಭಾರತದ್ದು, ತಿಂಗಳಿಗೆ 40 ಟನ್ ತಯಾರಿಸುವ ಶಕ್ತಿ, ಅಂದರೆ 200 ಮಿಲಿಗ್ರಾಂನ 20 ಕೋಟಿ ಗುಳಿಗೆ. ಮದ್ದಿನ ಸಲ್ಫೇಟ್ ಲವಣದ ಅಣುತೂಕ 434, ಪುಡಿಯದು 198. ಒಂದು ಗುಳಿಗೆಗೆ ಕಡಿಮೆಯೆಂದರೂ 91 ಮಿಲಿಗ್ರಾಂ ಪುಡಿ ಬೇಕು. 40 ಟನ್ನಿಗೆ 18 ಟನ್ನಿಗೂ ಮಿಕ್ಕಿ. ಕ್ರಿಯೆ ನೂರಕ್ಕೆ ನೂರು ನಡೆಯುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಗುಳಿಗೆಯ ರಫ್ತಿನ ಬಗ್ಗೆ ಅಷ್ಟು ಜಂಬದ ಮಾತಾಡಿದ ದಿನಗಳಲ್ಲೇ ಭಾರತ ತನ್ನ ಬಲ್ಕ್ ಡ್ರಗ್ ಮತ್ತು ಇಂಟರ್ಮೀಡಿಯೆಟ್ ಆಮದಿನಲ್ಲಿ ಸುಮಾರು ಮೂರನೇ ಎರಡು ಭಾಗವನ್ನು ಚೀನಾದಿಂದ ತರಿಸುತ್ತಿತ್ತು. 2020ರ ಮಾರ್ಚ್‌ನಲ್ಲೇ ಕೇಂದ್ರ ಸಂಪುಟ ಬಲ್ಕ್ ಡ್ರಗ್‌ಗಳಿಗೆ 6,940 ಕೋಟಿ ರೂಪಾಯಿಯ ಉತ್ಪಾದನಾ ಪ್ರೋತ್ಸಾಹಧನಕ್ಕೂ 3,000 ಕೋಟಿಯ ಬಲ್ಕ್ ಡ್ರಗ್ ಪಾರ್ಕುಗಳಿಗೂ ಒಪ್ಪಿಗೆ ಕೊಟ್ಟಿತು.

ಕರ್ನಾಟಕ ಆ ಪಾರ್ಕಿಗೆ ಮುಂದಿಟ್ಟ ಜಾಗ ನಮ್ಮ ಪಕ್ಕದ್ದೇ: ಯಾದಗಿರಿ ಜಿಲ್ಲೆಯ ಕಡೇಚೂರು. ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿಯ ಕೈಗಾರಿಕಾ ಪ್ರದೇಶ, ತೆಲಂಗಾಣದ ಗಡಿಗೆ ಹತ್ತಿರ. 2022ರಲ್ಲಿ ಕೇಂದ್ರ ಆರಿಸಿದ್ದು ಹಿಮಾಚಲ, ಗುಜರಾತ್, ಆಂಧ್ರಗಳನ್ನು. ಪಾರ್ಕು ಬರಲಿಲ್ಲ, ಆದರೆ ಕಾರ್ಖಾನೆಗಳು ಬಂದವು. ಕಡೇಚೂರಿನಲ್ಲೂ ಬೀದರಿನ ಕೊಳಾರದಲ್ಲೂ ಔಷಧ ಮತ್ತು ರಾಸಾಯನಿಕ ಘಟಕಗಳಿವೆ, ಹೆಚ್ಚಿನವುಗಳ ಬೇರು ಹೈದರಾಬಾದಿನಲ್ಲಿದೆ. ಇದು ಆಶ್ಚರ್ಯವಲ್ಲ. 1944ರಲ್ಲಿ ನಿಜಾಮರ ಕಾಲದಲ್ಲಿ ಶುರುವಾದ ಹೈದರಾಬಾದಿನ ಪ್ರಯೋಗಾಲಯವೇ ಇವತ್ತಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. ಅದರ ಬೆನ್ನಿಗೆ 1961ರಲ್ಲಿ ಸ್ಥಾಪನೆಯಾದ ಸರ್ಕಾರಿ ಐಡಿಪಿಎಲ್ ಕಂಪನಿ ತನ್ನ ಸಂಶ್ಲೇಷಿತ ಔಷಧ ಘಟಕವನ್ನು ಅಲ್ಲೇ ಕಟ್ಟಿತು, ಅಲ್ಲಿ ಪಳಗಿದವರು ತಮ್ಮ ತಮ್ಮ ಕಂಪನಿ ತೆರೆದರು. ರಾಯಚೂರಿನ ಶಿಲ್ಪಾ ಮೆಡಿಕೇರ್ 1987ರಿಂದ ಇದ್ದು ಕ್ಯಾನ್ಸರ್ ಮದ್ದುಗಳ ಬಲ್ಕ್ ಡ್ರಗ್‌ಗೆ ಹೆಸರಾದದ್ದು ಈ ಭಾಗಕ್ಕೆ ಆ ಕೌಶಲ ಹೊಸದಲ್ಲ ಎಂಬುದಕ್ಕೆ ಸಾಕ್ಷಿ.

ಕಲಬುರಗಿಯ ಪಾಲು ಕಾರ್ಖಾನೆಯಲ್ಲಿ ಕಡಿಮೆ, ತರಗತಿಯಲ್ಲಿ ಹೆಚ್ಚು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿ 1980ರಲ್ಲಿ ಸ್ವತಂತ್ರವಾದ ಗುಲಬರ್ಗಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಹೆಟರೊಸೈಕ್ಲಿಕ್ ಅಣುಗಳ ಸಂಶ್ಲೇಷಣೆಗೇ ಹೆಸರುವಾಸಿ. ಎಸ್. ಪಿ. ಹಿರೇಮಠ, ಬಿ. ಎಚ್. ಎಂ. ಮೃತ್ಯುಂಜಯಸ್ವಾಮಿ, ಎಂ. ಜಿ. ಪುರೋಹಿತ್ 1978ರಲ್ಲಿ ಇಂಡಿಯನ್ ಜರ್ನಲ್ ಆಫ್ ಕೆಮಿಸ್ಟ್ರಿಯಲ್ಲಿ ಪ್ರಕಟಿಸಿದ ಇಂಡೋಲ್–ಆಕ್ಸಡಯಾಜೋಲ್ ಪ್ರಬಂಧವನ್ನು ದೂರದ ದೇಶಗಳ ಪ್ರಬಂಧಗಳಲ್ಲೂ ಉಲ್ಲೇಖಿಸುತ್ತಾರೆ. ಆ ಪರಂಪರೆಗೆ ಗೌರವ ಕೊಟ್ಟೇ ಒಂದು ಮಾತು ಹೇಳಬೇಕು, ಇದು ದೇಶದ ಎಲ್ಲ ವಿಶ್ವವಿದ್ಯಾಲಯಗಳಿಗೂ ಸಲ್ಲುತ್ತದೆ. 4,7-ಡೈಕ್ಲೋರೊಕ್ವಿನೊಲಿನ್ ಅಗ್ಗ, ಅದರ 4ನೇ ಸ್ಥಾನಕ್ಕೆ ಏನನ್ನಾದರೂ ಅಂಟಿಸುವುದು ಸುಲಭ. ಹಾಗಾಗಿ ಟ್ರಯಜೋಲ್ ಅಂಟಿಸಿ, ಚಾಲ್ಕೋನ್ ಅಂಟಿಸಿ, ಇಸಾಟಿನ್ ಅಂಟಿಸಿ ವರ್ಷವರ್ಷವೂ ನೂರಾರು ಮಿಶ್ರ ಅಣುಗಳು ಹುಟ್ಟುತ್ತವೆ. ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಬೆಳೆಯದ ವೃತ್ತದ ಅಗಲ ಅಳೆದು, ಕಂಪ್ಯೂಟರಿನಲ್ಲಿ ಪ್ರೋಟೀನಿಗೆ ಕೂರಿಸಿ ನೋಡಿ, ಪ್ರಬಂಧ ಮುಗಿಯುತ್ತದೆ. ಕರಗುತ್ತದೆಯೇ, ಯಕೃತ್ತಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ, ಹೃದಯದ ಬಡಿತದ ಲಯ ಕೆಡಿಸುತ್ತದೆಯೇ ಎಂಬ ಪ್ರಶ್ನೆಗಳು ಬರುವುದೇ ಇಲ್ಲ. ಕ್ಲೋರೊಕ್ವಿನ್ ಕುಟುಂಬಕ್ಕೆ ಹೃದಯದ ಕ್ಯೂಟಿ ಅಂತರ ಹಿಗ್ಗಿಸುವ ದೋಷವಿದೆ ಎಂದು ಗೊತ್ತಿದ್ದೂ ಅದನ್ನು ಮೊದಲ ಹಂತದಲ್ಲೇ ನೋಡದಿರುವುದು ಸರಿಯಲ್ಲ. ಕೋಶದಲ್ಲಿ ಕೆಲಸ ಮಾಡಿದ್ದು ಮನುಷ್ಯನಲ್ಲಿ ಮಾಡುತ್ತದೆ ಎಂಬ 2020ರ ನಂಬಿಕೆಯೂ ಇದೇ ಅಭ್ಯಾಸದ ದೊಡ್ಡ ರೂಪ.

ಉಪಯುಕ್ತ ಕೆಲಸ ನಡೆದಿಲ್ಲವೆಂದಲ್ಲ. ಕ್ಲೋರೊಕ್ವಿನ್ನಿನ ಬಾಲದಲ್ಲಿ ಕಬ್ಬಿಣವುಳ್ಳ ಫೆರೊಸೀನ್ ಸೇರಿಸಿದ ಫೆರೊಕ್ವಿನ್ ಮನುಷ್ಯರ ಮೇಲಿನ ಪ್ರಯೋಗದವರೆಗೆ ಬಂದಿದೆ. ವರ್ಜೀನಿಯಾದ ತಂಡವೊಂದು 2018ರಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ನಿನ ಬಾಲವನ್ನು ದೊಡ್ಡ ಪಾತ್ರೆಯ ಬದಲು ಕೊಳವೆಗಳಲ್ಲಿ ನಿರಂತರ ಹರಿವಿನಲ್ಲಿ ತಯಾರಿಸಿ ಇಳುವರಿ ಹೆಚ್ಚಿಸಿ ತೋರಿಸಿತು. ಉಂಗುರದ ಕಡೆಗೂ ಇಂಥ ಗಮನ ಹರಿದರೆ, 250 ಡಿಗ್ರಿಯ ಡೈಫಿನೈಲ್ ಈಥರ್ ಮತ್ತು ಫಾಸ್ಫರಸ್ ಆಕ್ಸಿಕ್ಲೋರೈಡುಗಳನ್ನು ತಗ್ಗಿಸುವ ದಾರಿ ಸಿಕ್ಕರೆ, ಅದು ಇನ್ನೂ ನೂರು ಮಿಶ್ರ ಅಣುಗಳಿಗಿಂತ ಈ ಭಾಗಕ್ಕೆ ಹೆಚ್ಚು ಉಪಕಾರ.

ಏಕೆಂದರೆ ತ್ಯಾಜ್ಯದ ಪ್ರಶ್ನೆ ಇಲ್ಲಿ ಪುಸ್ತಕದ್ದಲ್ಲ. ಕಡೇಚೂರಿನ ಸುತ್ತಲಿನ ಹಳ್ಳಿಯವರು ರಾತ್ರಿಯ ದುರ್ವಾಸನೆಯ ಬಗ್ಗೆ ದೂರುತ್ತ ಬಂದಿದ್ದಾರೆ, ಕೊಳಾರದಲ್ಲೂ ಅದೇ ದೂರು. ಪಾಠ ಬೇಕಿದ್ದರೆ ಹೈದರಾಬಾದಿನ ಪಕ್ಕದ ಪಟಾನ್‌ಚೆರು ಇದೆ. ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಅಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕದಿಂದ ಹೊರಬರುವ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಕಂಡರು. ಮದ್ದು ತೆಗೆದುಕೊಂಡ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಅದು ಹೆಚ್ಚು. ಕ್ಲೋರೊಕ್ವಿನ್ ತಪ್ಪಲೆಯ ತಳದಿಂದ ಹೊರಟ ಆ ವಂಶವೇ ಮತ್ತೆ ನೀರಿನಲ್ಲಿ ಸಿಕ್ಕಿತು. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಬಲ್ಕ್ ಡ್ರಗ್ ಕಾರ್ಖಾನೆಗಳ ತ್ಯಾಜ್ಯನೀರಿನಲ್ಲಿ 121 ಆ್ಯಂಟಿಬಯಾಟಿಕ್‌ಗಳಿಗೆ ಮಿತಿ ಹಾಕುವ ಕರಡು ಹೊರಡಿಸಿತು. 2021ರ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಪಟ್ಟಿ ಮಾಯವಾಗಿತ್ತು. ಮದ್ದಿಗೇ ಮಿತಿಯಿಲ್ಲದ ಮೇಲೆ ಮದ್ದಿಗೆ ಮುಂಚಿನ ಪುಡಿಯ ಮಾತು ದೂರ. ಕ್ಲೋರೊಅನಿಲಿನ್ ರಕ್ತದ ಆಮ್ಲಜನಕ ಹೊರುವ ಶಕ್ತಿ ಕೆಡಿಸುತ್ತದೆ ಎಂಬುದು ಗೊತ್ತಿರುವ ವಿಷಯ. ಆದರೂ ಬಾವಿಯ ನೀರು ಪರೀಕ್ಷೆಗೆ ಹೋದಾಗ ಮಾಮೂಲಾಗಿ ನೋಡುವುದು ಆಮ್ಲತೆ, ಕರಗಿದ ಲವಣ, ಆಮ್ಲಜನಕದ ಬೇಡಿಕೆ. ಔಷಧ ಕಾರ್ಖಾನೆಯ ತ್ಯಾಜ್ಯನೀರಿಗೆ ಹಳೆಯದೊಂದು ಪರೀಕ್ಷೆಯೂ ಇದೆ: ಏನೂ ಬೆರೆಸದ ಆ ನೀರಿನಲ್ಲಿ ಬಿಟ್ಟ ಮೀನುಗಳಲ್ಲಿ ನೂರಕ್ಕೆ ತೊಂಬತ್ತು 96 ಗಂಟೆ ಬದುಕಿರಬೇಕು. ಕಡೇಚೂರಿನ ಹಳ್ಳಿಗಳವರು ಕೇಳಬೇಕಾದದ್ದು ಈ ಪರೀಕ್ಷೆಯ ಫಲಿತಾಂಶವನ್ನು, ಘಟಕದ ಹೆಸರು ಮತ್ತು ತಿಂಗಳ ಸಮೇತ, ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಹಚ್ಚಬೇಕೆಂದು.